ಎಡಗಿವಿಯ ಅಳತೆ

ಮೊದಲು ಹೋದದ್ದು ಎಡಗಡೆಯದು.
ಪೂರ್ತಿ ಹೋಗಿರಲಿಲ್ಲ, ಅದೇ ತಂಟೆ;
ತಳದಲ್ಲಿ ಮೂರು ತೊಟ್ಟು ಉಳಿದ ಚೊಂಬಿನ ಹಾಗೆ
ತಲೆ ಬಗ್ಗಿಸಿದರೆ ಮಾತ್ರ ಒಂದಿಷ್ಟು ದನಿ,
ಆಮೇಲೆ ಸೀಟಿ. ಸಣ್ಣ, ಎಳೆದ, ಹಟಮಾರಿ ಸೀಟಿ,
ಪಕ್ಕದ ಮನೆಯ ಕುಕ್ಕರಿನಷ್ಟು ದೂರ,
ಆದರೆ ಕಿವಿಯೊಳಗೆ.

ವಿರಾಜಪೇಟೆಯಲ್ಲಿ ಕಾಫಿ ಹುರಿಯುವುದು ನನ್ನ ಕೆಲಸ.
ಬೆಳಗ್ಗೆ ಎಂಟಕ್ಕೆ ಡ್ರಮ್ಮು ತಿರುಗಲು ಹತ್ತಿದರೆ
ಊಟದ ಹೊತ್ತಿಗೆ ನನ್ನ ಹಲ್ಲೂ ಅದೇ ಶ್ರುತಿಯಲ್ಲಿ ಗುಂಯ್‌ಗುಡುತ್ತದೆ.
ಗದ್ದಲ ನುಂಗುತ್ತದೆ ಎಂದಿತ್ತು ಡಬ್ಬಿಯ ಮೇಲೆ.
ಎರಡು ಸಾವಿರದ ನಾನೂರು ಕೊಟ್ಟೆ.
ಅರ್ಧ ನುಂಗಿತು. ಬಲಗಡೆಯ ಅರ್ಧ.

ಮಾಡಬೇಕಾದ್ದೆಲ್ಲ ಮಾಡಿದೆ.
ಮರೆತು, ಮತ್ತೆ ಪರಿಚಯ ಮಾಡಿಕೋ ಅಂತು ಫೋನು;
ಮರೆತೆ, ಮಾಡಿಕೊಂಡೆ.
ಸಂತೆಯಲ್ಲಿ ಸಿಕ್ಕ ಷಡ್ಡಕನ ಹಾಗೆ
ಅದು ಬಲಗೈ ಮಾತ್ರ ಕುಲುಕಿತು.
ಡಬ್ಬಿಯಲ್ಲಿಟ್ಟು ಗುಂಡಿ ಒತ್ತಿ ಹತ್ತು ಎಣಿಸಿದೆ,
ಕೆಂಪು ದೀಪ ಎರಡು ಸಲ ರೆಪ್ಪೆ ಬಡಿದು
ನನಗೇನೂ ಗೊತ್ತಿಲ್ಲ ಎಂದಿತು.
ಸೆಟ್ಟಿಂಗಿನ ಏಳನೇ ಮಡಿಕೆಯಲ್ಲಿ ಒಂದು ಗೆರೆ,
ಎಡಬಲ ತೂಗುವ ಗೆರೆ. ಅದರ ಬೊಟ್ಟು
ಯಾವಾಗಲೋ ಹೆಬ್ಬೆರಳು ತಾಗಿ ಬಲಕ್ಕೆ ವಾಲಿತ್ತು.
ಸಿಕ್ಕಿತು ಕಳ್ಳ! ನಡುವಿಗೆ ತಂದೆ.
ದನಿ ಬಂತು. ಸೀಟಿ ಹೋಗಲಿಲ್ಲ.
ಡ್ರಮ್ಮಿನ ಗುಂಯ್ ಎಡಗಿವಿಯೊಳಕ್ಕೆ
ಚಪ್ಪಲಿ ಕಳಚದೆ ಬರುತ್ತಲೇ ಇತ್ತು.

ಗಡಿಯಾರ ಕಂಬದ ಪಕ್ಕದ ಸಂದಿಯಲ್ಲಿ ನೌಫಲನ ಅಂಗಡಿ.
ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು
ಮಗುವಿನ ಹಲ್ಲುಜ್ಜುವ ಬ್ರಷ್ಷು ಹಿಡಿದ,
ಒದ್ದೆ ಮಾಡಲಿಲ್ಲ, ನಾನು ಊದಹೋದರೆ ಕೈ ಅಡ್ಡ ಇಟ್ಟ:
"ಊದಬಾರದು ಬೆಳ್ಯಪ್ಪಣ್ಣ, ಉಗುಳು ಒಳಗೆ ಹೋಗ್ತದೆ."
ಜಾಲರಿಯನ್ನು ತಲೆಕೆಳಗೆ ಹಿಡಿದು ತಟ್ಟಿದ.
ಬಿಳಿ ಕಾಗದದ ಮೇಲೆ ಬಿದ್ದದ್ದು
ನನ್ನ ಗುಗ್ಗೆ, ನಾಚಿಕೆಯಾಗುವಷ್ಟು;
ಮತ್ತೆ ಕಾಫಿಬೀಜದ ಬೆಳ್ಳಿಪೊರೆ,
ಹುರಿಯುವಾಗ ಕಳಚಿ ಹಾರುವ ಹೊಟ್ಟು,
ಒಂದೇ ಚೂರು, ಹೊರಗಿನ ಮೈಕಿನ ತೂತಿಗೆ ಅಡ್ಡ.
"ಹೊರಗಿನ ಗಲಾಟೆ ಇದಕ್ಕೇ ಕೇಳ್ತಿರಲಿಲ್ಲ.
ಕೇಳದೆ ಹೇಗೆ ಅಳಿಸ್ತದೆ?"

ಆಮೇಲೆ ನನ್ನ ಕಿವಿಗಳನ್ನು ನೋಡಿದ, ಒಂದಾದ ಮೇಲೊಂದು,
ಹೆಣ್ಣು ನೋಡಲು ಬಂದವರ ಹಾಗೆ.
"ಬಲಕ್ಕೆ ನಡು ಸೈಜು. ಎಡಕ್ಕೆ ಚಿಕ್ಕ ರಬ್ಬರು ಹಾಕಿ.
ಎರಡೂ ಒಂದೇ ಅಳತೆ ಅಂತ ಯಾರು ಹೇಳಿದ್ದು ನಿಮಗೆ?"
ಯಾರೂ ಹೇಳಿರಲಿಲ್ಲ. ನಲವತ್ತಾರು ವರ್ಷ
ನಾನೂ ಕೇಳಿರಲಿಲ್ಲ.

ಇಪ್ಪತ್ತು ರೂಪಾಯಿ ತಗೊಂಡ.

ಮರುದಿನ ಡ್ರಮ್ಮು ತಿರುಗಿತು, ಬೆರಳಿಂದ ಮುಟ್ಟಿದೆ.
ಮಾಕುಟ್ಟ ಘಾಟಿ ಇಳಿಯುವ ಬಸ್ಸಿನಲ್ಲಿ
ಕಿವಿ ಗುಪ್ಪೆಂದು ಕಟ್ಟಿಕೊಳ್ಳುತ್ತದಲ್ಲ, ಹಾಗೆ;
ಎಂಜಲು ನುಂಗಿದೆ, ಬಿಡಲಿಲ್ಲ.
ಕಣ್ಣೆದುರು ಡ್ರಮ್ಮು ತಿರುಗುತ್ತಲೇ ಇದೆ,
ಸದ್ದು ಮಾತ್ರ ಯಾರೋ ಸುತ್ತಿ ಎತ್ತಿಟ್ಟ ಚಾಪೆ.
ಹಾಡು ಹಾಕುವುದು ಮರೆತೇಹೋಯಿತು.

ಕಾಳು ಸಿಡಿದದ್ದು ಕೇಳಿತು: ಚಿಟ್. ಚಿಟಚಿಟ.
ಒಂದೇ ಸಮ ಇರುವುದನ್ನು ಇದು ಅಳಿಸ್ತದೆ,
ಇದ್ದಕ್ಕಿದ್ದಂತೆ ಬಂದದ್ದು ಇದರ ಕೈಗೆ ಸಿಗುವುದಿಲ್ಲ
ಅಂತ ನೌಫಲ್ ಹೇಳಿಯೇ ಇದ್ದ.
ಆದರೆ ಆ ಚಿಟಚಿಟದ ನಡುವೆ ಇನ್ನೊಂದು ದನಿ.

ಕಿಟಕಿಯ ಹತ್ತಿರ ಮೊರ ಹಿಡಿದು ಬೀಜ ಆರಿಸುವ ಕುಸುಮಕ್ಕ.
ಮೂರು ವರ್ಷ ಒಂದೇ ಶೆಡ್ಡಿನಲ್ಲಿದ್ದೇವೆ,
ಮಾತು ಕಮ್ಮಿಯ ಹೆಂಗಸು ಎಂದೇ ನನ್ನ ಲೆಕ್ಕ.
ಈಗ ನೋಡಿದರೆ ಬಾಯಿ ನಿಂತೇ ಇಲ್ಲ,
"ಪೋ ನೀನು, ಕರಿಮೂತಿ.
ನಿನ್ನನ್ನು ಯಾರು ಕೊರೆದದ್ದು, ಹುಳವಾ? ಪಾಪ, ಪೋ.
ನೀನು ಬಾ. ನೀನೂ ಬಾ.
ಅಯ್ಯೋ ಇದು ಕಿವಿ, ಬರೀ ಕಿವಿ,
ಒಳಗಿನದ್ದನ್ನು ಎಲ್ಲಿ ಬಿಟ್ಟು ಬಂದೆ ಮಾರಾಯ್ತಿ?"
ಆನೆಬೀಜ ಒಡೆದರೆ ಉಳಿಯುವ ಬಾಗಿದ ಚಿಪ್ಪಿಗೆ
ನಮ್ಮ ಶೆಡ್ಡಿನಲ್ಲಿ ಕಿವಿ ಅನ್ನುತ್ತಾರೆ.

ಅವಳು ತಲೆ ಎತ್ತಿದಳು. ನನ್ನ ಕಿವಿಯ ಬಿಳಿ ಕಡ್ಡಿ ಕಂಡು
ಇವನಿಗೇನೂ ಕೇಳುವುದಿಲ್ಲ ಎಂಬ ಧೈರ್ಯದಲ್ಲಿ
ಮುಂದಿನ ಬೀಜಕ್ಕೆ ನನ್ನ ಹೆಸರಿಟ್ಟು ಬೈದಳು.

ಆ ಒಬ್ಬೆ ನಲವತ್ತು ಸೆಕೆಂಡು ಹೆಚ್ಚು ಕಪ್ಪಾಯಿತು.
ಯಜಮಾನರು ಕೇಳಿದ್ದಕ್ಕೆ
ಡಾರ್ಕ್ ರೋಸ್ಟ್, ಈಗ ಓಡೋದೇ ಅದು, ಅಂದೆ.