ಎಂಟು ತಿಂಗಳು ಉಳಿ ಮುಟ್ಟಲಿಲ್ಲ

ಸಂತೇಪೇಟೆಯ ಪಾತ್ರೆ ಅಂಗಡಿಯ ಬಾಗಿಲಲ್ಲಿ ಕೂತು
ಹತ್ತೊಂಬತ್ತು ವರ್ಷ ಹೆಸರು ಬರೆದಿದ್ದೇನೆ,
ಗುಂಯ್ ಎನ್ನುವ ಮಿಷನ್ನಿನ ಸೂಜಿಯಲ್ಲಿ:
ಲೋಟಕ್ಕೆ, ಕೊಳಗಕ್ಕೆ, ಹಾಲಿನ ಕ್ಯಾನಿಗೆ,
ಗೃಹಪ್ರವೇಶದ ನೂರೈವತ್ತು ತಟ್ಟೆಗೆ.
ಅಕ್ಷರಕ್ಕೆ ಇಷ್ಟು ಅಂತ ದುಡ್ಡು;
ಒತ್ತಕ್ಷರಕ್ಕೆ ಬೇರೆ ಕೇಳಿದರೆ ಜಗಳ.

ಕೈ ಪಳಗಿದೆ ಅಂದುಕೊಂಡೇ ಹೋದೆ
ಲಷ್ಕರ್ ಮೊಹಲ್ಲಾದ ಕಾಳಪ್ಪಾಚಾರ್ ಬಳಿ,
ಬೆಳ್ಳಿ ಭರಣಿಯ ಮೇಲೆ ಬಳ್ಳಿ ಹಬ್ಬಿಸುವುದು ಕಲಿಯಲು.
"ಒಂದು ಎಲೆ ಬರಿ" ಅಂದರು.
ಬರೆದೆ.
"ಇದು ಎಲೆ ಅಂತ ನೀನು ಅಂದ್ಕೊಂಡಿರೋದು.
ಎಲೆ ನೋಡಿದ್ದೀಯಾ?"

ಪೆನ್ಸಿಲ್ ಕೊಟ್ಟರು. ರಬ್ಬರ್ ಕಿತ್ತುಕೊಂಡು
ಮೊಮ್ಮಗಳ ಕಂಪಾಸ್ ಪೆಟ್ಟಿಗೆಗೆ ಹಾಕಿದರು.

ಬೆಳಗಿನ ಜಾವ, ನಲ್ಲಿ ಬರುವ ಮೊದಲು,
ಹಳೇ ಕ್ಯಾಲೆಂಡರಿನ ಬೆನ್ನಿಗೆ ಸುಳಿ. ಬರೀ ಸುಳಿ.
ಏಕಾದಶಿ ಅಮಾವಾಸ್ಯೆಗಳ ಹಿಂದೆಲ್ಲ ಅವೇ:
ಹೊಟ್ಟೆ ಉಬ್ಬಿದ್ದು, ಮಂಡಿ ಮುರಿದದ್ದು,
ಒಂದಂತೂ ಥೇಟ್ ನನ್ನ ಭಾವಮೈದುನನ ಕಿವಿ.

ದೇವರಾಜ ಮಾರುಕಟ್ಟೆಯಲ್ಲಿ ಚಿಗುರೆಲೆ ಕಟ್ಟಿನ ಮುಂದೆ ನಿಂತರೆ
ದೇವೀರಮ್ಮ ರೇಗಿದಳು: "ತಗೊಳ್ಳೋದಾದ್ರೆ ತಗೋ,
ನೋಡಿ ನೋಡಿ ಬಾಡಿಸ್ಬೇಡ."
ತಗೊಂಡೆ. ನರ ಎಣಿಸಿದೆ. ಎಲೆ ತಿಂದೆ.
ಮರುದಿನ ಬರೆದರೆ ನರವೇ ತಪ್ಪು.
ನಡುನರದಿಂದ ಅವು ಸಿಡಿಯುವುದಿಲ್ಲ;
ಸ್ವಲ್ಪ ದೂರ ಅದರ ಜೊತೆಗೇ ನಡೆದು
ಒಲ್ಲದ ಮನಸ್ಸಿನಿಂದ ಅಗಲುತ್ತವೆ.

ಆರನೇ ತಿಂಗಳು ಬಿಟ್ಟುಬಿಟ್ಟೆ. ಹನ್ನೊಂದು ದಿನ ಹೋಗಲಿಲ್ಲ.
ಹನ್ನೆರಡಕ್ಕೆ ಯಾರೋ ಒಬ್ಬರು ತಂಬಿಗೆ ತಂದರು:
"ಗುರುಸಿದ್ದಮ್ಮ ಅಂತ ಬರೀರಿ. ನಮ್ಮತ್ತೆ. ಹೋಗಿಬಿಟ್ರು."
ಕರೆಂಟಿರಲಿಲ್ಲ.
ಮರೆಯದಿರಲಿ ಎಂದು ರಸೀತಿಯ ಮೇಲೆ ಪೆನ್ಸಿಲಿನಲ್ಲಿ ಬರೆದುಕೊಂಡೆ.
ಗುವಿನ ಕೊಂಬು ಪಾದದಿಂದ ಹೊರಟು
ಬಲಕ್ಕೆ ವಾಲಿ, ಮೇಲೇರಿ, ಒಳಕ್ಕೆ ಹೊರಳುವಲ್ಲಿ
ಕೈ ನಿಂತಿತು.
ಇದೇ ಸುಳಿ.
ದಿನಕ್ಕೆ ನೂರು ಬರೆದಿದ್ದೇನೆ,
ಒಮ್ಮೆಯೂ ನೋಡಿರಲಿಲ್ಲ.

ಹೋಗಿ ಹೇಳಿದೆ. ಆಚಾರ್ ನಗಲಿಲ್ಲ,
ಎಲ್ಲಿ ಹೋಗಿದ್ದೆ ಅಂತಲೂ ಕೇಳಲಿಲ್ಲ.
"ಹಾಗಾದ್ರೆ ಬಳ್ಳಿಗೆ ಕಾಗುಣಿತ ಬರಿ."
ಬರೆದೆ: ತಲೆಕಟ್ಟು ಮೊಗ್ಗಾಯಿತು, ಗುಡಿಸು ಕುಡಿಯಾಯಿತು,
ಕೊಂಬು ಕವಲೊಡೆಯಿತು. ಐತ್ವ ಮಾತ್ರ ಇನ್ನೂ ಬಗ್ಗಿಲ್ಲ.

ಎಂಟು ತುಂಬಿದ ಮೇಲೆ ಒಂದು ಸಂಜೆ
ಅರಗಿನ ಮೇಲೆ ತಾಮ್ರದ ತಗಡು ಕೂರಿಸಿ
ಉಳಿ ಕೈಗಿಟ್ಟರು.
"ಕೈ ತಿರುಗಿಸ್ಬೇಡ. ತಗಡು ತಿರುಗಲಿ."
ನೂಕಿದೆ. ಕೂದಲೆಳೆಯಷ್ಟು ತಾಮ್ರ
ಸುರುಳಿ ಸುತ್ತಿ ಎದ್ದು ಉಗುರ ಮೇಲೆ ಬಿತ್ತು.
ನಾನು ಬರೆದದ್ದಕ್ಕಿಂತ ಅದೇ ಚೆಂದವಿತ್ತು.
ಗೆರೆ, ಮುಕ್ಕಾಲು ದಾರಿಯಲ್ಲಿ ಜಾರಿತ್ತು.

ಆಚಾರ್ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿ
"ಜಾರೋ ತನಕ ಚೆನ್ನಾಗಿದೆ" ಅಂದರು.

ಹಳೇ ಕ್ಯಾಲೆಂಡರು ಖಾಲಿಯಾಗಿದ್ದವು.
ಮನೆಗೆ ಬಂದವನೇ ಗೋಡೆಯಿಂದ ಈ ತಿಂಗಳನ್ನು ಹರಿದೆ,
ಇನ್ನೂ ಒಂಬತ್ತು ದಿನ ಬಾಕಿಯಿತ್ತು.