ಒಂಬತ್ತು ಅಡಿ ನೀರು

ಈ ಕೆರೆಗೆ ಆಳವಿಲ್ಲ.
ತಳವಿಲ್ಲ ಅಂತಲ್ಲ, ಆಳವಿಲ್ಲ:
ಎಲ್ಲಿ ಕೊರೆದರೂ ಒಂಬತ್ತೇ ಅಡಿ, ತಪ್ಪಿದರೆ ಹತ್ತು.
ಬೇಸಿಗೆಯಲ್ಲಿ ಗಾಳಿ ಎದ್ದರೆ ತಳದ ಕೆಸರೂ ಎದ್ದು
ಹಾಲು ಸಾಲದ ಚಹಾದ ಬಣ್ಣ.
ಈಗ ಜನವರಿ. ಎರಡಡಿ ಮಂಜುಗಡ್ಡೆಯ ಮೇಲೆ
ನಾನು, ಅಕ್ಕ ಹಾಲ್ಡೋರಾ, ಒಂದು ಜಾರುಬಂಡಿ.
ಮಾತು ಬಿಟ್ಟು ಮೂರು ಚಳಿಗಾಲ.

ಜಗಳ ಅಪ್ಪನ ಟ್ರಕ್ಕಿನದು.
ಮಾರಿದಳು. ನನ್ನನ್ನು ಕೇಳಲಿಲ್ಲ.
ಅಷ್ಟೆ. ದೊಡ್ಡದಾಗಿದ್ದರೆ
ಎಂದೋ ಮುಗಿದಿರುತ್ತಿತ್ತು.

ನನ್ನ ಬೈರಿಗೆಯ ಹಲ್ಲು ಮೊಂಡು, ಅವಳದು ಹೊಸದು.
ಅವಳಿಗೆ ಜಾಗ ಗೊತ್ತಿಲ್ಲ, ನನಗೆ ಗೊತ್ತು.
ನಡುವೆ ಓಡಾಡಿ ಒಪ್ಪಿಸಿದವನು ಅವಳ ಮಗ ಸ್ಟೇನಿ.
ಸಂಧಾನವೇನಲ್ಲ ಅದು,
ಅವನಿಗೆ ಹುರಿದ ಮೀನು ಬೇಕಿತ್ತು.

ಊರಿನವರ ಗುಡಿಸಲುಗಳೆಲ್ಲ ಕೆರೆಯ ನಟ್ಟನಡುವೆ,
ರೇಡಿಯೋ, ಜನರೇಟರು, ನಗು.
ಆಳ ಅಂದಮೇಲೆ ನಡುವೆಯೇ ಇರಬೇಕು
ಅನ್ನುವುದು ಮನುಷ್ಯರ ಲೆಕ್ಕ.
ವಾಲೈ ಮೀನಿನದು ಬೇರೆ
(ಮ್ಯಾನಿಟೋಬಾದ ನಾವು ಪಿಕರೆಲ್ ಅನ್ನುತ್ತೇವೆ,
ಹೆಸರು ಯಾವುದಾದರೂ ಅದು ಸಿಕ್ಕುವುದು ಅಷ್ಟಕ್ಕಷ್ಟೆ).

ಅಪ್ಪ ಸೀಸದ ಗುಂಡಿನ ಬುಡಕ್ಕೆ ಕುರಿಕೊಬ್ಬು ಮೆತ್ತಿ
ತೂತಿನಲ್ಲಿ ಇಳಿಬಿಡುತ್ತಿದ್ದ.
ಮೇಲೆ ಬಂದಾಗ ಅಂಟಿದ್ದನ್ನು ಬೆರಳಲ್ಲಿ ತೀಡಿ
ನಾಲಿಗೆಗೂ ಮುಟ್ಟಿಸಿ ಹೇಳುತ್ತಿದ್ದ:
ಕೆಸರು.
ಇಪ್ಪತ್ತು ಹೆಜ್ಜೆ. ಕೆಸರು.
ಇಪ್ಪತ್ತು ಹೆಜ್ಜೆ. ಕೆಸರು, ಕೆಸರು, ಥೂ.
ಆಮೇಲೆ ಒಮ್ಮೆ ಹಲ್ಲಿಗೆ ಕಟಕ್ಕೆಂದು ಸಿಕ್ಕಿ
ಜಲ್ಲಿ.
ಕೆಸರು ಮುಗಿದು ಜಲ್ಲಿ ಶುರುವಾಗುವಲ್ಲಿ
ಒಂದೇ ಗೇಣಿನ ಏರು.
ಚಪ್ಪಟೆ ನೆಲದವರಿಗೆ ಗೇಣೂ ಗುಡ್ಡವೇ;
ಅದರ ನೆರಳಿನಲ್ಲೇ ಮೀನಿನ ಓಡಾಟ.

ಮೂರು ಗಂಟೆಗೆ ಆ ಗೇಣಿನ ಉದ್ದಕ್ಕೂ
ಹನ್ನೊಂದು ತೂತು ಕೊರೆದು, ಬೈರಿಗೆ ಮಲಗಿಸಿ,
ದೂರ ಹೋಗಿ ಕೂತೆವು.
ಒಂಬತ್ತು ಅಡಿಯಲ್ಲಿ ಸದ್ದಿಗೆ ಅಡಗಲು ಜಾಗವಿಲ್ಲ.
ಬೂಟು ಎಳೆದರೂ ಮೀನು ಬಾಲ ತಿರುಗಿಸುತ್ತದೆ.
ತೆಳುನೀರಿನ ಮೇಲೆ ಮಾತಾಡಬಾರದು,
ಅದು ಅಪ್ಪನ ಕಟ್ಟಪ್ಪಣೆ.
ಮೂರು ವರ್ಷದಲ್ಲಿ ಮೊದಲ ಸಲ
ನಮ್ಮ ಮುನಿಸು ಒಂದು ಕೆಲಸಕ್ಕೆ ಬಂತು.

ಅವಳು ಎದ್ದು, ಬೆಕ್ಕಿನ ಹೆಜ್ಜೆಯಲ್ಲಿ,
ಒಂದೊಂದು ತೂತಿನ ಬಾಯಿಗೂ ಹಿಮ ಸರಿಸಿ
ಬೆಳಕು ಒಳಗಿಳಿಯದಂತೆ ಮುಚ್ಚಿ ಬಂದಳು.
ನಾನು ಹೇಳಿರಲಿಲ್ಲ.
ಅವಳಿಗೂ ನೆನಪಿದೆ ಎಂದಾಯಿತು.

ಸಂಜೆ. ದಡದ ಜೊಂಡು ಮೊದಲು ತುಕ್ಕಿನ ಬಣ್ಣ, ಆಮೇಲೆ ಬಣ್ಣವೇ ಇಲ್ಲ.
ಮಂಜುಗಡ್ಡೆ ಎಲ್ಲೋ ಒಂದು ಕಡೆ ನರಳಿ ಸುಮ್ಮನಾಯಿತು.
ನಮ್ಮ ಕಣ್ಣು ಮುಗಿಯುವಲ್ಲಿಂದ ಅದರ ಕಣ್ಣಿನ ಪಾಳಿ.
ನಾಲ್ಕನೆಯ ತೂತಿಗೆ ಗಾಳ ಇಳಿಸಿ
ತಳಕ್ಕೆ ಒಮ್ಮೆ ತಾಗಿಸಿ, ಒಂದು ಅಂಗೈಯಷ್ಟು ಎತ್ತಿ
ಹಿಡಿದೆ.

ಜಗ್ಗಲಿಲ್ಲ. ತೂಕ ಬಂತು, ಅಷ್ಟೆ,
ದಾರದ ಆ ತುದಿಯಲ್ಲಿ ಯಾರೋ ಯೋಚಿಸುತ್ತ ಕೂತ ಹಾಗೆ.
ಎಳೆದೆ. ಹಾಲ್ಡೋರಾ ಟಾರ್ಚು ಹಿಡಿದಳು.
ಕಪ್ಪು ನೀರಿನ ಕೊಳವೆಯಲ್ಲಿ ಮೀನು ಮೈ ಹೊರಳಿಸಿ
ಒಂದೇ ಕಣ್ಣು ತೋರಿತು,
ಮಾಸಲು ಹಳದಿ, ದುಂಡಗೆ, ಹೊತ್ತಿಕೊಂಡು

ದೂರದ ತಿರುವಿನಲ್ಲಿ ಮನೆಗೆ ಬರುವ ಟ್ರಕ್ಕು.
ಅಪ್ಪನದಕ್ಕೂ ಒಂದೇ ದೀಪ ಉರಿಯುತ್ತಿತ್ತು.
ಎಡಗಡೆಯದು.

ಟಾರ್ಚು ಅಲುಗಿತು. ಚಳಿಗೂ ಇರಬಹುದು.
"ಎಷ್ಟಡಿ?" ಎಂದಳು.
"ಎಂಟೂವರೆ," ಎಂದೆ
ಪಿಸುದನಿಯಲ್ಲಿ, ಕೆಳಗಿನವಕ್ಕೆ ಕೇಳದ ಹಾಗೆ.

ಕತ್ತಲಾಗುವುದರೊಳಗೆ ಐದು ಸಿಕ್ಕವು.
ಎರಡು ಸ್ಟೇನಿಗೆ, ಎರಡು ನನಗೆ.
ಐದನೆಯದು ಮೊಣಕೈಯಷ್ಟೂ ಇರಲಿಲ್ಲ.
ಕೈಗವುಸು ಕಳಚಿ, ಬರಿಗೈ ಒದ್ದೆ ಮಾಡಿಕೊಂಡು
ಅವಳೇ ಅದನ್ನು ಬಿಟ್ಟಳು,
ತಲೆ ಮುಂದಾಗಿ.