ಒಂಟೆಯ ಹೆಸರು

ನಲವತ್ತೆರಡು ಡಿಗ್ರಿಯ ಹೊರಗಿನಿಂದ
ಹದಿನೆಂಟರ ಒಳಗೆ ಬಂದು
ಬೆವರು ಆರುವ ಮೊದಲೇ ಕೋಣೆ ಕತ್ತಲು ಮಾಡುತ್ತೇನೆ.
ಮಸ್ಕತ್ತಿನಲ್ಲಿ ಬೆಳಕಿಗೆ ಬರವಿಲ್ಲ.
ನನ್ನ ಕೆಲಸಕ್ಕೆ ಬೇಕಾದ್ದು ಕತ್ತಲು,
ಅದರೊಳಗೆ ಎಳೆಯಷ್ಟು ಬೆಳಕು.

ರೆಟಿನೋಸ್ಕೋಪಿನ ಗೆರೆ ಪಾಪೆಯ ಮೇಲೆ ಹಾಯಿಸಿದರೆ
ಒಳಗಿನ ಕೆಂಪು ಜೊತೆಗೆ ಬರುತ್ತದೆ, ಇಲ್ಲವೇ ಎದುರು ಹೋಗುತ್ತದೆ;
ಒಂದಾದ ಮೇಲೊಂದು ಗಾಜು ಹಿಡಿಯುತ್ತ
ಅದರ ಓಡಾಟ ನಿಂತ ಕಡೆ ನಂಬರು.
ದೊಡ್ಡವರಾದರೆ ಕೇಳಬಹುದು: ಇದು ಚೆನ್ನೋ, ಅದು ಚೆನ್ನೋ.
ಕೂಸನ್ನು ಕೇಳುವಂತಿಲ್ಲ.
ಅದಕ್ಕೇ ಈ ಫೆಲೋಶಿಪ್ಪು:
ಆರು ವರ್ಷ ಗದಗಿನಲ್ಲಿ ಮುದುಕರ ಪೊರೆ ತೆಗೆದು
ಮೂವತ್ತೇಳಕ್ಕೆ ಮತ್ತೆ ಕೊರಳಿಗೆ ವಿದ್ಯಾರ್ಥಿಯ ಬಿಲ್ಲೆ.

"ಕೈ ಚೆನ್ನಾಗಿದೆ" ಎಂದರು ಮೊದಲ ವಾರ ಡಾಕ್ಟರ್ ಝುವೈನಾ,
"ಅವಸರ ಮಾತ್ರ ದೊಡ್ಡವರ ಕಣ್ಣಿನದು."
ಅಳುವ ಕೂಸಿನ ರೆಪ್ಪೆಯನ್ನು ಬಲವಂತವಾಗಿ ಬಿಡಿಸಿದ್ದೆ.
ಅವರು ನೆಲದ ಮೇಲೆ ಕೂತು,
ಜೇಬಿನಿಂದ ಖರ್ಜೂರ ತೆಗೆದು ತಾವೇ ತಿನ್ನತೊಡಗಿದರು.
ಎರಡು ನಿಮಿಷಕ್ಕೆ ಕೂಸು ಅಳು ಮರೆತು
ಅವರ ಬಾಯನ್ನೇ ನೋಡುತ್ತಿತ್ತು.
"ಈಗ ಹಾಯಿಸು ಗೆರೆ."

ಮಂಗಳವಾರ ಎನ್‌ಐಸಿಯು.
ಒಂಬೈನೂರು ಗ್ರಾಂ. ಹೆಸರಿನ್ನೂ ಇಟ್ಟಿಲ್ಲ,
ಕಾಲಿಗೆ ಸುತ್ತಿದ ಚೀಟಿಯಲ್ಲಿ ತಾಯಿಯ ಹೆಸರು.
ತಲೆಗೆ ದೀಪ ಕಟ್ಟಿಕೊಂಡು ಬಾಗುತ್ತೇನೆ:
ರಕ್ತನಾಳಗಳು ಎಲ್ಲಿಯವರೆಗೆ ಬಂದಿವೆ, ಎಲ್ಲಿ ನಿಂತಿವೆ,
ನಿಂತಲ್ಲಿ ದಿಣ್ಣೆ ಎದ್ದಿದೆಯೇ.
ನರ್ಸ್ ಶೈನಿ ಸಕ್ಕರೆ ನೀರಿನಲ್ಲಿ ಅದ್ದಿದ ಹತ್ತಿಯನ್ನು ಬಾಯಿಗಿಡುತ್ತಾಳೆ.
ನಾನು ಉಸಿರು ಬಿಗಿಹಿಡಿದರೂ ಮಾನಿಟರ್ ಹಿಡಿಯುವುದಿಲ್ಲ,
ನೂರ ಎಂಬತ್ತು, ನೂರ ತೊಂಬತ್ತು.
ಸಾಕು, ಎನ್ನುತ್ತಾರೆ ಝುವೈನಾ. ಆಮೇಲೆ ಬರೋಣ.
ಸಾಕು ಎನ್ನುವುದೂ ಇಲ್ಲಿ ಒಂದು ಪಾಠ.

ಖಲ್ಫಾನನ ವಿಷಯ ಹೇಳಬೇಕು.
ಸೂರ್ ಊರಿನ ನಾಲ್ಕು ವರ್ಷದ ಪೋರ,
ಎಡಗಣ್ಣು ಮೂಗಿನ ಕಡೆ. ಕನ್ನಡಕ ಕೊಟ್ಟರೂ
ಆ ಕಣ್ಣು ಕೆಲಸಕ್ಕೆ ಬರಲೊಲ್ಲದು;
ಅದರ ಮಾತು ಕೇಳುವುದನ್ನೇ ಮಿದುಳು ಬಿಟ್ಟಿದೆ.
ಆದ್ದರಿಂದ ಚೆನ್ನಾಗಿ ಕಾಣುವ ಕಣ್ಣಿಗೆ ಪಟ್ಟಿ,
ದಿನಕ್ಕೆ ಆರು ಗಂಟೆ.
ಅಜ್ಜಿ ಬುರ್ಖಾದ ಒಳಗಿಂದ ಬೈದಳು.
ಒಂದಕ್ಷರ ತಿಳಿಯದಿದ್ದರೂ ಪೂರ್ತಿ ತಿಳಿಯಿತು:
ಕಾಣುವ ಕಣ್ಣು ಮುಚ್ಚುವವಳು ಎಂಥ ವೈದ್ಯೆ?

ಹೇಗೆ ಹೇಳಲಿ ಅಜ್ಜಿ,
ನನಗೂ ಕಟ್ಟಿದೆ ಪಟ್ಟಿ.
ಸರಾಗ ಹೊರಳುವ ನಾಲಿಗೆಯನ್ನು ಮುಚ್ಚಿ
ಎಡವುವುದನ್ನು ದಿನಕ್ಕೆ ಹತ್ತು ಗಂಟೆ ದುಡಿಸುತ್ತಿದ್ದೇನೆ:
ಶೂಫ್, ಶೂಫಿ, ಗಂಡಿಗೊಂದು ಹೆಣ್ಣಿಗೊಂದು,
ತಪ್ಪಿದಾಗ ಸಾಲಲ್ಲಿ ಕೂತ ತಾಯಂದಿರು ನಗುತ್ತಾರೆ.
ಕಿತ್ತೆಸೆಯೋಣ ಅನ್ನಿಸುತ್ತದೆ ನನಗೂ,
ಅಂಟು ಚರ್ಮ ಎಳೆಯುತ್ತದೆ.

ಐಸ್‌ಕ್ರೀಮ್ ಕಡ್ಡಿಗೆ ಅಂಟಿಸಿದ ಪ್ಲಾಸ್ಟಿಕ್ ಒಂಟೆ
ನಮ್ಮ ವಿಭಾಗದ ಅತಿ ಅಗ್ಗದ ಯಂತ್ರ.
ಅದನ್ನು ಅವನೆದುರು ಆಡಿಸುತ್ತ ಒಂದು ಸಂಜೆ,
ನಲವತ್ತನೆಯ ರೋಗಿ ಅವನು,
ನನ್ನ ಅರಬ್ಬಿಯೆಲ್ಲ ತೀರಿಹೋಗಿ
"ನೋಡಿಲ್ಲಿ" ಎಂದೆ. "ನೋಡಿಲ್ಲಿ, ನೋಡಿಲ್ಲಿ."
ನೋಡಿದ. ಅಷ್ಟೇ.
ಬರೆದುಕೊಂಡೆ: ದೃಷ್ಟಿ ನಿಲ್ಲುತ್ತಿಲ್ಲ.

ಮೂರು ತಿಂಗಳು.
ಪಟ್ಟಿ ಕೆಲವು ದಿನ ಕಟ್ಟಿದ್ದಾರೆ, ಕೆಲವು ದಿನ ಇಲ್ಲ,
ಅಜ್ಜಿ ನಿಜ ಹೇಳುವವಳಲ್ಲ.
ಚಾರ್ಟಿನಲ್ಲಿ ಎರಡೇ ಸಾಲು ಕೆಳಗಿಳಿದಿದ್ದಾನೆ,
ಆಪರೇಶನ್ ಬೇಕೋ ಬೇಡವೋ ಈಗಲೇ ಹೇಳಲಾಗದು.
ಆದರೆ ಇವತ್ತು ಬಾಗಿಲಲ್ಲೇ ನಿಂತು,
ಬಲಗಣ್ಣಿನ ಮೇಲೆ ಪಟ್ಟಿ ಇದ್ದಂತೆಯೇ,
ಆ ತುದಿಯ ಮೇಜಿನ ಮೇಲೆ ಬಿದ್ದಿದ್ದ
ಹೆಬ್ಬೆರಳುದ್ದದ ಒಂಟೆಗೆ ಬೊಟ್ಟು ಮಾಡಿ ಕೂಗಿದ:
"ನೋಡಿಲ್ಲಿ!"

ಅದರ ಹೆಸರೇ ಅದು ಅಂದುಕೊಂಡಿದ್ದಾನೆ.

ಏನದು, ಯಾವ ಭಾಷೆ, ಎಂದರು ಝುವೈನಾ.
ಒಂಟೆಯ ಹೆಸರು ಡಾಕ್ಟರ್, ಎಂದೆ.
ಅವರು ಬಾಗಿಲಿನಿಂದ ಮೇಜಿನವರೆಗೆ ಹೆಜ್ಜೆ ಎಣಿಸಿ
ಕಾರ್ಡಿನಲ್ಲಿ ಬರೆದರು:
ನಾಲ್ಕು ಮೀಟರ್.